ತ್ರೈರಾಶಿಕದ ಹಂತಗಳು: ಪ್ರಾಚೀನ ಗಣಿತಗ್ರಂಥಗಳಲ್ಲಿ ಲೆಕ್ಕ ಬಿಡಿಸುವ ಕ್ರಮ

ಶಾಲೆಯ ಅಂಕಗಣಿತದಲ್ಲಿ ವಿದ್ಯಾರ್ಥಿಗೆ ಪದೇ ಪದೇ ಎದುರಾಗುವ ಲೆಕ್ಕಗಳಲ್ಲಿ ತ್ರೈರಾಶಿಕವು ಮುಖ್ಯವಾದುದು. ತಿಳಿದ ಮೂರು ರಾಶಿಗಳಿಂದ ತಿಳಿಯದ ನಾಲ್ಕನೆಯದನ್ನು ಕಾಣುವ ಈ ವಿಧಾನವನ್ನು ಕೇವಲ ಒಂದು ಸೂತ್ರವೆಂದು ಬಾಯಿಪಾಠ ಮಾಡಿಬಿಡುವುದುಂಟು. ಆದರೆ ಸೂತ್ರವೊಂದರಿಂದಲೇ ಲೆಕ್ಕವು ಬಿಡಿಸಿದಂತಾಗದೆಂಬುದನ್ನು ನಮ್ಮ ಪ್ರಾಚೀನರು ಚೆನ್ನಾಗಿ ಅರಿತಿದ್ದರು.

ಆರ್ಯಭಟನು 499ರ ತನ್ನ ‘ಆರ್ಯಭಟೀಯ’ದಲ್ಲಿ ಈ ವಿಧಿಯನ್ನು ಒಂದೇ ಪದ್ಯದಲ್ಲಿ ಅಡಕಗೊಳಿಸಿದ್ದಾನೆ: ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲವು ದೊರೆಯುತ್ತದೆ. 628ರಲ್ಲಿ ಬ್ರಹ್ಮಗುಪ್ತನು, ಮೊದಲಿನ ಪ್ರಮಾಣವೂ ಕೊನೆಯ ಇಚ್ಛೆಯೂ ಒಂದೇ ಜಾತಿಯ ರಾಶಿಗಳಾಗಿರಬೇಕೆಂದು ಸ್ಪಷ್ಟಪಡಿಸಿದನು. ಆದರೆ ಈ ವಿಧಿಗಳು ಅತ್ಯಂತ ಸಂಕ್ಷಿಪ್ತವಾದುವು. ಅವನ್ನು ಬಿಡಿಸಿ ತೋರಿಸುವ ಹೊಣೆ ವ್ಯಾಖ್ಯಾನಕಾರನದು. 629ರಲ್ಲಿ ‘ಆರ್ಯಭಟೀಯ’ಕ್ಕೆ ಭಾಷ್ಯ ಬರೆದ ಮೊದಲನೆಯ ಭಾಸ್ಕರನು ಉದ್ದೇಶಕ, ನ್ಯಾಸ, ಕರಣ ಎಂಬ ಕ್ರಮದಲ್ಲಿ ಲೆಕ್ಕಗಳನ್ನು ಬಿಡಿಸಿದ್ದಾನೆ. ಉದ್ದೇಶಕವೆಂದರೆ ಪ್ರಶ್ನೆ, ನ್ಯಾಸವೆಂದರೆ ರಾಶಿಗಳನ್ನು ಅವುಗಳ ಸ್ಥಾನದಲ್ಲಿ ಬರೆದಿಡುವುದು, ಕರಣವೆಂದರೆ ಕ್ರಿಯೆ. 1881ರಲ್ಲಿ ಪೇಷಾವರದ ಸಮೀಪದ ಬಕ್ಷಾಲಿ ಗ್ರಾಮದಲ್ಲಿ ದೊರೆತ ಭೂರ್ಜಪತ್ರದ ಹಸ್ತಪ್ರತಿಯಲ್ಲಿ ಇವುಗಳೊಡನೆ ‘ಪ್ರತ್ಯಯ’, ಅಂದರೆ ಉತ್ತರದ ತಾಳೆನೋಟವೂ ಉಂಟು.

ಈ ಹಂತಗಳ ಪ್ರಯೋಜನವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 8 ಬಳ್ಳ ಅಕ್ಕಿಗೆ 6 ಹಣವಾದರೆ 20 ಬಳ್ಳಕ್ಕೆ ಎಷ್ಟು? ನ್ಯಾಸವು 8, 6, 20. ಕರಣದಲ್ಲಿ 6ನ್ನು 20ರಿಂದ ಗುಣಿಸಿದರೆ 120. ಅದನ್ನು 8ರಿಂದ ಭಾಗಿಸಿದರೆ 15 ಹಣ. ಗುಣಾಕಾರವನ್ನು ಮೊದಲು ಮಾಡುವುದರಿಂದ, ಒಂದು ಬಳ್ಳದ ಬೆಲೆ ಮುಕ್ಕಾಲು ಹಣವೆಂಬ ಭಿನ್ನರಾಶಿಯ ತೊಡಕು ನಡುವೆ ಬರುವುದಿಲ್ಲ. ಪ್ರತ್ಯಯ: 4 ಬಳ್ಳಕ್ಕೆ 3 ಹಣ, 20 ಬಳ್ಳದಲ್ಲಿ ಅಂತಹ 5 ಭಾಗಗಳಿವೆ, ಆದುದರಿಂದ 15 ಹಣವೇ ಸರಿ.

ಈಗ ಇವೇ ಅಂಕಿಗಳ ಇನ್ನೊಂದು ಲೆಕ್ಕವನ್ನು ನೋಡೋಣ. 6 ಆಳುಗಳು ಒಂದು ಕೆರೆಯ ಹೂಳನ್ನು 20 ದಿನಗಳಲ್ಲಿ ತೆಗೆದರೆ 8 ಆಳುಗಳಿಗೆ ಎಷ್ಟು ದಿನ ಬೇಕು? ನ್ಯಾಸವು 6, 20, 8. ಸೂತ್ರವನ್ನು ಕಣ್ಣುಮುಚ್ಚಿ ಅನ್ವಯಿಸಿದವನಿಗೆ 26⅔ ದಿನಗಳೆಂಬ ಉತ್ತರ ಬರುತ್ತದೆ. ಆಳುಗಳು ಹೆಚ್ಚಿದಷ್ಟೂ ಕೆಲಸ ನಿಧಾನವಾಗುವುದೆಂಬ ಈ ಅಸಂಗತಿಯನ್ನು ಸೂತ್ರವು ತಾನಾಗಿ ತೋರಿಸಿಕೊಡದು, ಪ್ರತ್ಯಯವು ತೋರಿಸುತ್ತದೆ. ಇದು ವ್ಯಸ್ತ ತ್ರೈರಾಶಿಕ. ಇಲ್ಲಿ ಪ್ರಮಾಣವನ್ನೂ ಫಲವನ್ನೂ ಗುಣಿಸಿ ಇಚ್ಛೆಯಿಂದ ಭಾಗಿಸಬೇಕು; ಉತ್ತರ 15 ದಿನ. 6 ಆಳುಗಳ 20 ದಿನದ ದುಡಿಮೆಯೂ 8 ಆಳುಗಳ 15 ದಿನದ ದುಡಿಮೆಯೂ ಒಂದೇ, 120 ಆಳುದಿನಗಳು.

ಕರ್ನಾಟಕದ ಗಣಿತಜ್ಞರೂ ಈ ಭೇದವನ್ನು ಎಚ್ಚರಿಕೆಯಿಂದ ಕಾಪಾಡಿದರು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ತ್ರೈರಾಶಿಕಕ್ಕೆ ಒಂದು ಪ್ರತ್ಯೇಕ ವ್ಯವಹಾರವನ್ನೇ ಮೀಸಲಿಟ್ಟು, ವ್ಯಸ್ತ ತ್ರೈರಾಶಿಕ, ಪಂಚರಾಶಿಕ, ಸಪ್ತರಾಶಿಕ, ನವರಾಶಿಕಗಳನ್ನು ನಿರೂಪಿಸಿದನು. ಸಂಸ್ಕೃತದ ಆ ಗ್ರಂಥದಲ್ಲಿ ಸೂತ್ರವೂ ಉದ್ದೇಶಕವೂ ಉಂಟು.  ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಗದ್ಯಪದ್ಯಗಳಲ್ಲಿ ರಚಿಸಿ, ಸಹಜ ಮತ್ತು ವ್ಯಸ್ತ ಎಂಬ ವಿಭಾಗದೊಡನೆ ಈ ರಾಶಿಗಣಿತವನ್ನು ಕನ್ನಡಿಗರ ಕೈಗೆ ತಂದುಕೊಟ್ಟನು. ಕನ್ನಡದಲ್ಲಿ ಶಾಸ್ತ್ರಸಾಹಿತ್ಯದ ಬೆಳವಣಿಗೆಯನ್ನು ಅರಿಯುವವರಿಗೆ ಇದು ಸಾಮಾನ್ಯ ಸಂಗತಿಯಲ್ಲ.

ಇವೆಲ್ಲವನ್ನೂ ಪರ್ಯಾಲೋಚಿಸಿದರೆ ಒಂದು ವಿಷಯವು ಸ್ಪಷ್ಟವಾಗುತ್ತದೆ. ಗುಣಾಕಾರ ಭಾಗಾಕಾರಗಳು ಲೆಕ್ಕದ ನಡುವಣ ಹಂತ ಮಾತ್ರ. ಬುದ್ಧಿಯ ಕೆಲಸವಿರುವುದು ಅದರ ಹಿಂದಿನ ನ್ಯಾಸದಲ್ಲಿ ಮತ್ತು ಮುಂದಿನ ಪ್ರತ್ಯಯದಲ್ಲಿ. ಈ ಎರಡನ್ನೂ ಬಿಟ್ಟು ಕರಣವನ್ನಷ್ಟೇ ಕಲಿಸಿದಲ್ಲಿ ವಿದ್ಯಾರ್ಥಿಗೆ ಉತ್ತರವು ದೊರೆತೀತು. ಅದು ಸರಿಯೋ ತಪ್ಪೋ ಎಂಬ ಅರಿವು ದೊರೆಯಲಾರದು.