ಮಳೆ ಬಂದ ಮರುದಿನ ಗೇಟ್ ಮುಚ್ಚುವ ಪಾರ್ಕ್‌ಗಳು

ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿದ್ದಾಗ ಒಮ್ಮೆ ಗೆಳೆಯನ ಜೀಪ್ ಹತ್ತಿ ಎರಡು ತಾಸು ದೂರದ ಆಫ್-ರೋಡ್ ಪಾರ್ಕ್‌ಗೆ ಹೋಗಿದ್ದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. 'ಇವತ್ತು ಟ್ರೇಲ್ ಬಂದ್' ಅಂದರು ಗೇಟಿನವರು. ಒದ್ದೆ ಮಣ್ಣಲ್ಲಿ ಚಕ್ರ ಹೂತರೆ ಆ ಗೆರೆಯೇ ಕಾಲುವೆಯಾಗುತ್ತೆ, ಮುಂದಿನ ಮಳೆಗೆ ಗುಡ್ಡ ಕೊಚ್ಚಿ ಹೋಗುತ್ತೆ. ಎಂಜಿನಿಯರಿಂಗ್ ಓದಿದವನಿಗೆ ಇದನ್ನು ಗೇಟಿನಲ್ಲಿ ನಿಂತವರು ಹೇಳಬೇಕಾಯಿತು!

ಬೇ ಏರಿಯಾದ ಕನ್ನಡಿಗ ಗೆಳೆಯರು ಈಗಲೂ 'ಯಾವ ಪಾರ್ಕ್‌ಗೆ ಹೋಗೋಣ?' ಅಂತ ಕೇಳ್ತಾರೆ. ಅದಕ್ಕೇ ಈ ಹೋಲಿಕೆ.

ಇವು ರೆಸಾರ್ಟ್‌ಗಳಲ್ಲ, ರಾಜ್ಯ ಸರ್ಕಾರದ ಪಾರ್ಕ್‌ಗಳು. 1971ರ ಕಾನೂನು ಇವಕ್ಕೆ ಬುನಾದಿ. ಕಂಡಕಂಡಲ್ಲಿ ಗಾಡಿ ನುಗ್ಗಿಸುವುದನ್ನು ತಡೆಯಬೇಕಾದರೆ ಅದಕ್ಕೊಂದು ಜಾಗವನ್ನೂ ಕೊಡಬೇಕು ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಹಾಲಿಸ್ಟರ್ ಹಿಲ್ಸ್: ಸ್ಯಾನ್ ಹೋಸೆಯ ದಕ್ಷಿಣಕ್ಕಿರುವ ಗುಡ್ಡಗಾಡು. ಲೋವರ್ ರ‍್ಯಾಂಚ್ ಬೈಕ್, ಎಟಿವಿಗಳಿಗೆ. ಅಪ್ಪರ್ ರ‍್ಯಾಂಚ್ ಫೋರ್ ವೀಲ್ ಡ್ರೈವ್‌ಗಳಿಗೆ. ಹಸಿರು ವೃತ್ತದ ಫಲಕ ಇದ್ದರೆ ದಾರಿ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಹೊಸಬರು ಇಲ್ಲಿಂದಲೇ ಶುರು ಮಾಡಿ.

ಕಾರ್ನೆಗಿ: ಲಿವರ್ಮೋರ್ ಮತ್ತು ಟ್ರೇಸಿ ಊರುಗಳ ನಡುವೆ ಇದೆ. ಏರು ಕಡಿದು, ಮುಖ್ಯವಾಗಿ ಬೈಕಿನವರ ಜಾಗ. ಕೈ ಪಳಗದೆ ಹೋಗಬೇಡಿ.

ಓಷಿಯಾನೊ ಡ್ಯೂನ್ಸ್: ಪೆಸಿಫಿಕ್ ದಡದ ಮರಳ ದಿಬ್ಬಗಳು. ದಿಬ್ಬದ ಆಚೆ ಇರೋರಿಗೆ ನೀವು ಕಾಣಬೇಕು, ಅದಕ್ಕೆ ಗಾಡಿಗೆ 8 ಅಡಿ ಎತ್ತರದ ಬಾವುಟ ಕಡ್ಡಾಯ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಸ್ನೋಯಿ ಪ್ಲವರ್ ಎಂಬ ಪುಟ್ಟ ಹಕ್ಕಿ ಗೂಡು ಕಟ್ಟುವ ಕಡೆ ಬೇಲಿ ಬೀಳುತ್ತೆ. ಮೂರು ವರ್ಷದೊಳಗೆ ದಿಬ್ಬಗಳಲ್ಲಿ ಗಾಡಿ ಓಡಿಸುವುದನ್ನು ನಿಲ್ಲಿಸಬೇಕು ಅಂತ ಕರಾವಳಿ ಆಯೋಗ 2021ರಲ್ಲಿ ಹೇಳಿತು. 2023ರಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ಹೋಗುವ ಮುನ್ನ ಹೊಸ ನಿಯಮ ನೋಡಿಕೊಳ್ಳಿ.

ಸಿಬ್ಬಂದಿ: ರೇಂಜರ್‌ಗಳಿಗೆ ಪೊಲೀಸರಂತೆ ಬಂಧಿಸುವ ಅಧಿಕಾರವಿದೆ. ಈಚಿನ ಗಾಡಿಗಳ ಸದ್ದು 96 ಡೆಸಿಬಲ್ ಮೀರುವಂತಿಲ್ಲ. ಸೈಲೆನ್ಸರ್‌ನಿಂದ ಕಿಡಿ ಹಾರದಂತೆ ತಡೆಯುವ ಸಾಧನವೂ ಇರಬೇಕು. ಒಣ ಹುಲ್ಲಿನ ಆ ಗುಡ್ಡಗಳಿಗೆ ಒಂದು ಕಿಡಿ ಸಾಕು.

ಶುಲ್ಕ: ನಾನು ಹೋಗುತ್ತಿದ್ದಾಗ ಗಾಡಿಗೆ ದಿನಕ್ಕೆ 5 ಡಾಲರ್. ಅಗ್ಗ ಅನ್ನಿಸುತ್ತೆ, ಅಲ್ವಾ? ಆದರೆ ಪೂರ್ತಿ ಖರ್ಚು ಗೇಟಿನ ದುಡ್ಡಿನಿಂದ ನಡೆಯಲ್ಲ. ಪೆಟ್ರೋಲ್ ತೆರಿಗೆಯ ಒಂದು ಪಾಲು ಮತ್ತು ಆಫ್-ರೋಡ್ ಗಾಡಿಗಳ ನೋಂದಣಿ ಶುಲ್ಕ ಪ್ರತ್ಯೇಕ ನಿಧಿಗೆ ಹೋಗುತ್ತವೆ. ರೇಂಜರ್ ಸಂಬಳ, ದಾರಿ ದುರಸ್ತಿ, ಮಣ್ಣಿನ ರಕ್ಷಣೆ ಎಲ್ಲಕ್ಕೂ ಅದೇ ಆಸರೆ. ಮಣ್ಣು ಕದಡಿದವರೇ ಅದರ ರಿಪೇರಿಗೂ ದುಡ್ಡು ಕೊಡ್ತಾರೆ.

ಹಾಗಾಗಿ ಪಾರ್ಕ್ ಹೋಲಿಸುವಾಗ ಟಿಕೆಟ್ ದರವೊಂದನ್ನೇ ನೋಡಬೇಡಿ. ಮಳೆ ಬಂದರೆ ಮುಚ್ಚುತ್ತಾರಾ? ದಾರಿ ಎಷ್ಟು ಕಷ್ಟ ಅಂತ ಫಲಕ ಇದೆಯಾ? ದುಡ್ಡು ಮತ್ತೆ ಆ ದಾರಿಗೇ ಬರುತ್ತಾ? ಮಾಂದಲಪಟ್ಟಿಗೋ ಕೊಡಚಾದ್ರಿಗೋ ಜೀಪ್ ಹತ್ತುವಾಗ ನಾವು ಕೇಳೋದು ಒಂದೇ, 'ಬಾಡಿಗೆ ಎಷ್ಟಣ್ಣ?' ಇನ್ನು ಮುಂದೆ ಈ ಮೂರನ್ನೂ ಕೇಳೋಣ. ಜೀಪ್ ಓಡಿಸುವ ಅಣ್ಣಂದಿರ ಹೊಟ್ಟೆಪಾಡೂ ಆ ಗುಡ್ಡ ಉಳಿದರೆ ತಾನೇ?