‘ಅಂದ ತಿಂಮ’ ಎಂದು ಬರುವ ಜೋಕೆಲ್ಲ ಬೀಚಿಯವರದ್ದೇ?

‘ರೀ, ಕರೆನ್ಸಿ ಖಾಲಿ ಆಗಿದೆ.’
‘ಮೊಬೈಲಿಂದೋ, ಜೇಬಿಂದೋ?’ ಅಂದ ತಿಂಮ.
(ಕೃಪೆ: ಬೀಚಿ)

ಇಂಥ ಮೆಸೇಜು ನಿಮಗೂ ಬಂದಿರಬಹುದು. ಯಲಹಂಕದ ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ಗುಡ್ ಮಾರ್ನಿಂಗ್ ಹೂವಿನ ಹಿಂದೆಯೇ ಬರುವ ಸರಕು ಇದು. ಜೋಕು ಪರವಾಗಿಲ್ಲ, ಆದರೆ ಬೀಚಿಯವರು ಇದನ್ನು ಹೇಳಿರಲು ಸಾಧ್ಯವೇ ಇಲ್ಲ. ಅವರು ತೀರಿಕೊಂಡಿದ್ದು 1980ರಲ್ಲಿ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋಗಿದ್ದು 1995ರ ಜುಲೈ 31ರಂದು. ಮೊಬೈಲ್ ಬ್ಯಾಲೆನ್ಸಿಗೆ ನಾವು ‘ಕರೆನ್ಸಿ’ ಎನ್ನತೊಡಗಿದ್ದು ಅದಕ್ಕೂ ಆಮೇಲೆ.

ಹಾಗಿದ್ದರೆ ಅವರ ಹೆಸರೇ ಯಾಕೆ? ಬೀಚಿ, ಅಂದರೆ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್, ಪನ್ ಮಾಡುವುದರಲ್ಲಿ ನಿಜಕ್ಕೂ ನಿಸ್ಸೀಮರು. ಅವರ ಆತ್ಮಕಥೆಯ ಹೆಸರೇ ‘ನನ್ನ ಭಯಾಗ್ರಫಿ’. ಇಂಗ್ಲಿಷಿನ ‘ಬಯಾಗ್ರಫಿ’ಗೆ ಒಂದು ಮಹಾಪ್ರಾಣ ಸೇರಿಸಿದರು, ಒಳಗಿಂದ ಕನ್ನಡದ ‘ಭಯ’ ಎದ್ದು ಬಂತು. ಅಷ್ಟೇ ಕೆಲಸ! ಎರಡು ಭಾಷೆಗೂ ಕಿವಿ ಇದ್ದವರಿಗೆ ಮಾತ್ರ ಇದು ಹೊಳೆಯುತ್ತದೆ. ಅವರಿಗೂ ಮುಂಚೆ ಟಿ.ಪಿ. ಕೈಲಾಸಂ (1884–1946) ಇದೇ ದಾರಿ ಹಿಡಿದಿದ್ದರು. ಸ್ವರಾಜ್ಯ ಚಳವಳಿಯ ಘೋಷಣೆಯನ್ನು ಎತ್ತಿಕೊಂಡು, ಮನೆಯೊಳಗಿನ ದರ್ಬಾರಿನ ನಾಟಕಕ್ಕೆ ‘ಹೋಂ ರೂಲು’ ಎಂದು ಹೆಸರಿಟ್ಟರು. ನಂತರದ ಕಾಲದಲ್ಲಿ ಪತ್ರಕರ್ತ ವೈಎನ್‌ಕೆ ಕೂಡ ಪನ್‌ಗೆ ಹೆಸರಾದರು.

ಹೆಸರು ದೊಡ್ಡದಾದಷ್ಟೂ ಅನಾಥ ಜೋಕುಗಳು ಹೋಗಿ ಅದಕ್ಕೇ ಅಂಟಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಸಿಕ್ಕಸಿಕ್ಕ ಚುರುಕು ಮಾತೆಲ್ಲ ಚರ್ಚಿಲ್ ತಲೆಗೆ ಬೀಳುವುದನ್ನು ಕಂಡು, ನೈಜೆಲ್ ರೀಸ್ ಎಂಬ ಲೇಖಕರು ‘ಚರ್ಚಿಲಿಯನ್ ಡ್ರಿಫ್ಟ್’ ಎಂದೇ ಕರೆದರು. ನಮ್ಮಲ್ಲಿ ಆ ಹೊರೆ ಹೊತ್ತವರು ಬೀಚಿ. ಹೆಂಡತಿಯನ್ನು ಹೀಗಳೆಯುವ, ಜಾತಿ ಎತ್ತಿ ಆಡುವ ಜೋಕಿಗೂ ಅವರ ಹೆಸರು ಅಂಟಿಸಿದರೆ, ‘ನಾನು ಹೇಳಿಲ್ಲ’ ಎನ್ನಲು ಅವರಿಲ್ಲ. ನನಗೆ ಬೇಜಾರು ತರುವುದು ಇದೇ.

ವ್ಯಕ್ತಿಗಷ್ಟೇ ಅಲ್ಲ, ಇಡೀ ಒಂದು ಕಾಲಕ್ಕೂ ಹೀಗೆ ಅಂಟಿಸುತ್ತಾರೆ. ಕಡಲ್ಗಳ್ಳರೆಲ್ಲ ‘ಆರ್ರ್’ ಎಂದು ಗುರುಗುಟ್ಟುತ್ತಿದ್ದರು ಎಂದು ಬಹಳ ಜನ ನಂಬಿದ್ದಾರೆ. ಈ ನಂಬಿಕೆ ಹರಡಿದ್ದು 1950ರ ‘ಟ್ರೆಷರ್ ಐಲೆಂಡ್’ ಸಿನಿಮಾದಿಂದ. ನಟ ರಾಬರ್ಟ್ ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ. ಆ ಸೀಮೆಯ ಉಚ್ಚಾರಣೆಯನ್ನೇ ದಪ್ಪ ಮಾಡಿ ಪಾತ್ರಕ್ಕೆ ತೊಡಿಸಿದರು. ‘ಕಡಲ್ಗಳ್ಳನಿಗೆ ಇಷ್ಟವಾದ ಅಕ್ಷರ ಯಾವುದು? ಆರ್!’ ಎಂಬ ಜೋಕು ನಿಂತಿರುವುದು ಆ ಗುರುಗುಟ್ಟುವಿಕೆಯ ಮೇಲೆ. ಕನ್ನಡಕ್ಕೆ ತಂದರೆ ಅದು ಸತ್ತೇಹೋಗುತ್ತದೆ, ಏಕೆಂದರೆ ನಮ್ಮ ಅಕ್ಷರದ ಹೆಸರು ಬರೀ ‘ರ’. ಅಕ್ಷರ ಬಿಟ್ಟು ಇಷ್ಟದ ಸಂಖ್ಯೆ ಕೇಳಿದರೆ ‘ಆರು’ ಎಂದು ಬದುಕಿಸಬಹುದೇನೋ.

ಫಾರ್ವರ್ಡ್ ಮಾಡುವ ಮುಂಚೆ ಜೋಕಿನೊಳಗಿನ ವಸ್ತುಗಳನ್ನು ನೋಡಿ. ಎಟಿಎಂ, ಮೊಬೈಲ್, ಫೇಸ್‌ಬುಕ್ ಕಂಡರೆ ಬೀಚಿ, ಕೈಲಾಸಂ ಇಬ್ಬರದ್ದೂ ಅಲ್ಲ. ಅಂಥದ್ದೇನೂ ಕಾಣದಿದ್ದರೆ ಪುಸ್ತಕದ ಹೆಸರು ಕೇಳಿ. ಉತ್ತರ ಬಾರದಿದ್ದರೆ ‘ಕೃಪೆ’ ಸಾಲು ಅಳಿಸಿ ಕಳಿಸಿ. ಜೋಕು ಚೆನ್ನಾಗಿದ್ದರೆ ಜನ ಹೇಗೂ ನಗುತ್ತಾರೆ.