ಕೋಲಾರ ಸೀಮೆಯ ವ್ಯಾಪಾರ ಪರಿಭಾಷೆ: ಕೊಳಗದಿಂದ ಸಂಕೇತದವರೆಗೆ

ಕನ್ನಡ, ತೆಲುಗು, ತಮಿಳು ಎಂಬ ಮೂರು ನುಡಿಗಳು ಸಂಧಿಸುವ ಕೋಲಾರ ಸೀಮೆಯಲ್ಲಿ ವ್ಯಾಪಾರದ ಪರಿಭಾಷೆಯು ಹೇಗೆ ಏರ್ಪಟ್ಟಿತೆಂಬುದು ವಿಚಾರಾರ್ಹವಾದ ವಿಷಯವು. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಈ ಮೂರು ಭಾಷೆಗಳ ಶಾಸನಗಳೂ ಒಟ್ಟಿಗೆ ದೊರೆಯುತ್ತವೆ. ಚೋಳರ ಕಾಲದಲ್ಲಿ ಈ ಪ್ರಾಂತಕ್ಕೆ ನಿಗರಿಲಿಚೋಳಮಂಡಲವೆಂಬ ಹೆಸರಿದ್ದಿತು. ಮುಳಬಾಗಿಲು ತಾಲ್ಲೂಕಿನ ನಂಗಲಿಯು ಹೊಯ್ಸಳ ರಾಜ್ಯದ ಮೂಡಣ ಎಲ್ಲೆಯಾಗಿ ಶಾಸನಪ್ರಸಿದ್ಧವಾಗಿದೆ. ಇಂತಹ ಎಲ್ಲೆಯಲ್ಲಿ ಹೇರನ್ನು ಇಳಿಸಿದ ವರ್ತಕರಿಗೆ ಒಬ್ಬರ ಮಾತು ಮತ್ತೊಬ್ಬರಿಗೆ ತಿಳಿದರಷ್ಟೇ ಸಾಲದು. ಒಬ್ಬರ ಅಳತೆಯೂ ಮತ್ತೊಬ್ಬರಿಗೆ ಒಪ್ಪಿಗೆಯಾಗಬೇಕಾಗಿದ್ದಿತು.

ಕನ್ನಡಿಗರು ಧಾನ್ಯವನ್ನು ಖಂಡುಗ, ಕೊಳಗ, ಬಳ್ಳಗಳಲ್ಲಿ ಅಳೆದರು. ತಮಿಳರು ಕಲಂ, ಕುರುಣಿ, ನಾಳಿಗಳಲ್ಲಿ ಅಳೆದರು. ಇದು ಭಾಷಾಭೇದವಾದುದರಿಂದ ಅಷ್ಟೊಂದು ತೊಡಕಿನದಲ್ಲ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬ ಲೆಕ್ಕವು ರೂಢಿಯಲ್ಲಿದ್ದರೂ ಕೊಳಗದ ಗಾತ್ರವು ಊರಿಂದೂರಿಗೆ ಬೇರೆಯಾಗುತ್ತಿದ್ದುದೇ ನಿಜವಾದ ತೊಡಕು. ಪದ ಒಂದೇ, ಪಾತ್ರೆ ಬೇರೆ. ಚೋಳರ ಶಾಸನಕಾರರು ಇದನ್ನು ಚೆನ್ನಾಗಿ ಅರಿತಿದ್ದರು. ತಂಜಾವೂರಿನ ಶಾಸನಗಳಲ್ಲಿ ನೆಲ್ಲಿನ ಪ್ರಮಾಣದೊಡನೆ, ಅದನ್ನು ಅಳೆಯತಕ್ಕ ಆಡವಲ್ಲಾನ್ ಎಂಬ ಮರಕ್ಕಾಲಿನ ಹೆಸರನ್ನೂ ಅದು ರಾಜಕೇಸರಿಗೆ ಸಮವೆಂಬುದನ್ನೂ ಕೆತ್ತಿಸಿದ್ದಾರೆ. ದೂರದೇಶಗಳಿಗೂ ಹೋಗಿ ವ್ಯಾಪಾರಮಾಡಿದ ಅಯ್ಯಾವೊಳೆಯ ಐನೂರ್ವರ ಸಂಘವು ತಮಿಳಿನಲ್ಲಿ ಐನ್ನೂಱ್ಱುವರ್ ಎನಿಸಿ, ಕ್ರಿ. ಶ. ೧೦೮೮ರ ಸುಮಾತ್ರಾದ್ವೀಪದ ತಮಿಳು ಶಾಸನದಲ್ಲಿಯೂ ಕಾಣಿಸಿಕೊಂಡಿದೆ. ಹೆಸರು ನುಡಿಯಿಂದ ನುಡಿಗೆ ರೂಪಾಂತರಗೊಂಡರೂ ಅದು ಸೂಚಿಸುವ ಸಂಘವು ಒಂದೇ ಆಗಿದ್ದಿತು.

೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯ ತರುವಾಯ ಮೆಟ್ರಿಕ್ ಪದ್ಧತಿಯು ಬಳಕೆಗೆ ಬಂದು, ಕಿಲೋಗ್ರಾಂ ಎಲ್ಲೆಡೆಯೂ ಒಂದೇ ಆಯಿತು. ಇಂತಿರಲು ಯಂತ್ರಗಳ ಮೂಲಕ ನಡೆಯುವ ವ್ಯವಹಾರವು ಹಳೆಯ ಪ್ರಶ್ನೆಯನ್ನು ಮರಳಿ ಎತ್ತಿತು. ೧೯೮೭ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಎಡಿಫ್ಯಾಕ್ಟ್ ಎಂಬ ವ್ಯಾಪಾರಸಂದೇಶ ನಿಯಮಗಳು ಹುಟ್ಟಿದವು. ೧೯೮೮ರ ಜನವರಿ ೧ರಂದು ಸರಕುಗಳ ಅಂತರರಾಷ್ಟ್ರೀಯ ಸಮನ್ವಿತ ಸಂಖ್ಯಾಕ್ರಮವು ಜಾರಿಗೆ ಬಂದಿತು. ಭಾರತದಲ್ಲಿ ೨೦೧೭ರ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆಯು ಬಂದ ಮೇಲೆ ಆ ಸಂಖ್ಯೆಗಳೂ, ಪರಿಮಾಣಗಳ ಗೊತ್ತಾದ ಸಂಕೇತಗಳೂ ವರ್ತಕರ ಲೆಕ್ಕಪತ್ರಗಳನ್ನು ಪ್ರವೇಶಿಸಿದವು. ಮಾಲೂರಿನ ಹೆಂಚಿಗೆ ೬೯೦೫ ಎಂಬ ಶೀರ್ಷಿಕೆಯಿದೆ. ಹೆಂಚನ್ನು ಎಣಿಸುವ ‘ಸಾವಿರ’ಕ್ಕೂ ಸಂಕೇತವಿದೆ.

ಅದೇ ಪಟ್ಟಿಯಲ್ಲಿ ‘ಪೆಟ್ಟಿಗೆ’ಗೂ ಒಂದು ಸಂಕೇತವುಂಟು. ಆದರೆ ಪೆಟ್ಟಿಗೆಯೆಂದರೆ ಎಷ್ಟು? ತೆರಿಗೆಯಿಲ್ಲದ ಟೊಮೆಟೊವೇ ಇದಕ್ಕೆ ಒಳ್ಳೆಯ ದೃಷ್ಟಾಂತ. ಕೋಲಾರದ ಮಾರುಕಟ್ಟೆಯಲ್ಲಿ ಪೆಟ್ಟಿಗೆಯು ೧೫ ಕಿಲೋಗ್ರಾಂ. ಪುಣೆ ಜಿಲ್ಲೆಯ ನಾರಾಯಣಗಾಂವಿನಲ್ಲಿ ೨೦. ಸಾವಿರ ಪೆಟ್ಟಿಗೆಗೆ ಐದು ಸಾವಿರ ಕಿಲೋಗ್ರಾಂಗಳ ಅಂತರ ಬೀಳುತ್ತದೆ. ಕೊಳಗದ ತೊಡಕೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ಹೆಸರುಗಳ ವಿಷಯದಲ್ಲಿಯೂ ಇದೇ ಸ್ಥಿತಿ. ಶ್ರೀನಿವಾಸಪುರದ ತೋತಾಪುರಿ ಮಾವು ಗಡಿಯಾಚೆಯ ಚಿತ್ತೂರು ಸೀಮೆಯ ತಿರುಳಿನ ಕಾರ್ಖಾನೆಗಳಿಗೆ ಹೋಗುತ್ತದೆ. ಕನ್ನಡಿಗರಿಗೆ ಗಿಣಿಮೂತಿಯಾದ ಆ ಹಣ್ಣು ತೆಲುಗರಿಗೆ ಕಲೆಕ್ಟರ್. ತಮಿಳರಿಗೆ ಕಿಳಿಮೂಕ್ಕು ಅಥವಾ ಬೆಂಗಳೂರಾ. ಅಂತರರಾಷ್ಟ್ರೀಯ ಸಂಖ್ಯಾಕ್ರಮದ ಆರಂಕಿಯ ಉಪಶೀರ್ಷಿಕೆಯಾದರೋ ಸೀಬೆ, ಮಾವು, ಮ್ಯಾಂಗೋಸ್ಟೀನ್ ಮೂರನ್ನೂ ಒಂದೇ ಸಂಖ್ಯೆಯಡಿ ಸೇರಿಸಿದೆ. ಸುಂಕಕ್ಕೆ ಅಷ್ಟು ಸಾಕಾದೀತು. ಬೆಳೆಗಾರನಿಗೂ ಕಾರ್ಖಾನೆಗೂ ನಡುವಣ ಕರಾರಿಗೆ ಸಾಲದು. ಹಣ್ಣಿನ ಬೆಲೆಯು ತಳಿಯನ್ನು ಅವಲಂಬಿಸಿದೆಯೇ ಹೊರತು ಸಂಖ್ಯೆಯನ್ನಲ್ಲ.

ಆದುದರಿಂದ ಸಮಾನ ಪರಿಭಾಷೆಯೆಂದರೆ ಪದಗಳ ಪಟ್ಟಿ ಮಾತ್ರವಲ್ಲ. ಪ್ರತಿ ಪದವೂ ಸೂಚಿಸುವ ಪಾತ್ರೆಯ ಬಗೆಗೆ ಉಭಯಪಕ್ಷಗಳ ಒಡಂಬಡಿಕೆಯೂ ಅದಾಗಿದೆ. ಆ ಒಡಂಬಡಿಕೆಯಲ್ಲಿ ಪಾತ್ರೆಯನ್ನು ಹಿಡಿದವನಿಗೂ ಹಣ್ಣನ್ನು ತುಂಬುವವನಿಗೂ ಮಾತಿರದಿದ್ದರೆ ನಷ್ಟವು ಹಣ್ಣು ತುಂಬಿದವನ ಪಾಲಿಗೇ ಬರುವುದು. ಪ್ರಮಾಣದ ಪಕ್ಕದಲ್ಲಿ ಮರಕ್ಕಾಲಿನ ಹೆಸರನ್ನೂ ಬರೆಯಿಸಿದ ಪ್ರಾಚೀನರ ಕ್ರಮವು ಇಂದಿನ ಸಂಕೇತಕರ್ತರಿಗೂ ಅನುಸರಣೀಯವಾಗಿದೆ.